ನೀನು ಹಾಗೆ ಹೇಳಿರಲಿಲ್ಲ, ಗಿರಿಜಾ

ಗಿರಿಜಾ, ಅವತ್ತು ನೀನು ಹಾಗೆ ಹೇಳಿರಲಿಲ್ಲ. ಯಾರು ಬಂದರೂ ಗಿರಿಜೆ ಊರಲ್ಲಿಲ್ಲ ಅಂದುಬಿಡಿ ಎಂದು ನೀನು ನನಗೆ ಹೇಳಿದ್ದೆ ಅಂತ ಠಾಣೆಯ ಸಾಹೇಬರ ಮುಂದೆ, ನಿನ್ನ ಗಂಡನ ಮುಂದೆ, ನನ್ನ ಗಂಡನ ಮುಂದೆ ನಾನು ನುಡಿದೆನಲ್ಲ—ಅದು ಸುಳ್ಳು. ಸಹಾಯ ಕೇಳಿಕೊಂಡು ಬಂದ ಹೂವಮ್ಮನನ್ನು ಬಾಗಿಲಿನಿಂದ ತಿರುಗಿಸಿ ಕಳಿಸಿದವಳು ನಾನು. ನೀನು ಒಳಗೆ ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ನಿನಗೆ ಏನೂ ಗೊತ್ತಿರಲಿಲ್ಲ.

ಇಷ್ಟು ಹೇಳುವುದಕ್ಕೆ ನನಗೆ ಒಂದು ಆಯುಷ್ಯ ಬೇಕಾಯಿತು. ಇನ್ನು ಉಳಿದದ್ದನ್ನು ಹೇಳುವಾಗ ನಿನಗೆ ಗೊತ್ತಿರುವ ಸಂಗತಿಗಳೂ ಬರುತ್ತವೆ. ಬರಲಿ. ಸುಳ್ಳನ್ನು ಜನರ ಮುಂದೆ ಹೇಳಿ ನಿಜವನ್ನು ನಿನ್ನ ಕಿವಿಯಲ್ಲಿ ಮಾತ್ರ ಉಸುರಿದರೆ—ಅದು ಸಾಲದು. ನಿನ್ನನ್ನೂ ನನ್ನನ್ನೂ ಕಂಡರಿಯದವರಿಗೂ ತಿಳಿಯುವ ಹಾಗೆ ಹೇಳುತ್ತೇನೆ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಶರಾವತಿ ಕಣಿವೆಯ ಹಳ್ಳಿಗಳವರು ಪಾತ್ರೆಪಗಡೆಗಳ ಜೊತೆಗೆ ಬಾಗಿಲು, ಚೌಕಟ್ಟುಗಳನ್ನೂ ಕಿತ್ತು ಗಾಡಿಗೇರಿಸಿಕೊಂಡು ಮೇಲಿನ ಊರುಗಳಿಗೆ ಬರುತ್ತಿದ್ದರು. ಸಾಗರಕ್ಕೂ ಹೊಸನಗರಕ್ಕೂ ನಡುವಿನ ಒಂದು ಸಣ್ಣ ಪೇಟೆ ನಮ್ಮದು. ಅದರ ಹೆಸರು ಬೇಡ. ಅಲ್ಲಿನ ಪೊಲೀಸು ಠಾಣೆಯಲ್ಲಿ ನನ್ನ ಯಜಮಾನರು ದಫೇದಾರರು, ಪೇದೆಗಳ ಮೇಲಿನವರು. ಠಾಣೆಯ ಹಿಂದೆ ಒಂದೇ ಸಾಲಿನಲ್ಲಿ ಪೊಲೀಸರ ಮನೆಗಳು, ಮುಂದೆ ಎಲ್ಲರಿಗೂ ಸೇರಿ ಒಂದೇ ಜಗಲಿ. ಮೊದಲ ಮನೆ ನಮ್ಮದು. ಕೊನೆಯದಕ್ಕೆ ನೀನು ಮದುವೆಯಾಗಿ ಬಂದೆ—ಹೊಸ ಪೇದೆಯ ಹೆಂಡತಿ, ಹೊಳೆಯಾಚೆಯ ಮುಳುಗಡೆ ಹಳ್ಳಿಯ ಹುಡುಗಿ. ನಾನು ತೀರ್ಥಹಳ್ಳಿ ಕಡೆಯವಳು, ಇದ್ದವರ ಮನೆಯಲ್ಲಿ ಹುಟ್ಟಿದವಳು, ನಿನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ನಿನಗೆ ಕಾಫಿ ಸೋಸುವುದನ್ನು ಕಲಿಸಿದ್ದು ನಾನು. ನೀನು ಮೊದಲ ದಿನದಿಂದಲೂ ನನ್ನನ್ನು ಅಕ್ಕ ಎಂದೇ ಕರೆದೆ. ನನಗೂ ನಿನ್ನ ಮೇಲೆ ಪ್ರೀತಿಯೇ ಇತ್ತು. ಇದನ್ನು ನನ್ನ ತಪ್ಪು ಹಗುರಾಗಲಿ ಎಂದು ಹೇಳುತ್ತಿಲ್ಲ. ಪ್ರೀತಿಯಿದ್ದ ಜಾಗದಲ್ಲೇ ಅದು ಹುಟ್ಟಿತು—ಹೇಗೆ ಹುಟ್ಟಿತೆಂದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ನೀನು ಬರುವುದಕ್ಕೆ ಸ್ವಲ್ಪ ಮೊದಲು ಠಾಣೆಗೆ ಕೆಟ್ಟ ಹೆಸರು ಬಂದಿತ್ತು. ಮುಳುಗಡೆಯಿಂದ ಬಂದ ಒಬ್ಬನನ್ನು ಮರಗಳ್ಳನೆಂದು ಹಿಡಿದು ತಂದು ಹೊಡೆದಿದ್ದರು. ಅವನ ಗಾಡಿಯಲ್ಲಿದ್ದದ್ದು ಅವನದೇ ಹಳೆಯ ಮನೆಯ ತೊಲೆ ಎಂದು ಆಮೇಲೆ ಗೊತ್ತಾಯಿತು. ಅವನು ಕಾಲು ಎಳೆಯುತ್ತ ಹೊರಗೆ ಬಂದ ದಿನ ಊರಿಗೆ ಊರೇ ಸೇರಿ ಠಾಣೆಗೆ ಕಲ್ಲು ಹೊಡೆಯಿತು. ಮಾಡಿನ ಹಂಚು ಪುಡಿಯಾಯಿತು, ಮುಂದಿನ ಚಪ್ಪರಕ್ಕೆ ಬೆಂಕಿ ಬಿತ್ತು. ಅವನನ್ನು ಹೊಡೆದ ಪೊಲೀಸರಿಗೆಲ್ಲ ಬೇರೆ ಕಡೆ ವರ್ಗವಾಯಿತು. ಹೊಡೆದವರಲ್ಲಿ ನಮ್ಮವರು ಇರಲಿಲ್ಲ—ತಡೆದವರಲ್ಲೂ ಇರಲಿಲ್ಲ. ಹಾಗಾಗಿ ಅವರು ಅಲ್ಲೇ ಉಳಿದರು.

ಆಮೇಲೆ ಹೊಸ ಸಬ್‌ಇನ್ಸ್‌ಪೆಕ್ಟರು ಬಂದರು. ವಯಸ್ಸಿನಲ್ಲಿ ನಮ್ಮವರಿಗಿಂತ ಚಿಕ್ಕವರು, ದನಿ ಎತ್ತಿ ಮಾತಾಡಿದ್ದನ್ನು ನಾವು ಯಾರೂ ಕೇಳಲಿಲ್ಲ. ಬಂದ ವಾರವೇ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಸಂತೆಯೆಲ್ಲ ಸುತ್ತಿದರು. ಪೇದೆಗಳು ಸಂತೆಯಲ್ಲಿ ಪುಕ್ಕಟೆ ತರಕಾರಿ ಎತ್ತಬಾರದು, ಯಾರನ್ನೂ ಏಕವಚನದಲ್ಲಿ ಕೂಗಬಾರದು ಎಂದು ತಾಕೀತು ಮಾಡಿದರು. ಪೆಟ್ಟು ತಿಂದು ಕುಂಟನಾದವನ ಮನೆಗೆ ತಾವೇ ನಡೆದು ಹೋಗಿ, ಜಗಲಿಯಲ್ಲಿ ಕೂತು, ನಮ್ಮಿಂದ ತಪ್ಪಾಯಿತು ಎಂದರಂತೆ. ಊರಿನವರು ಮೊದಮೊದಲು ಇದನ್ನೆಲ್ಲ ನಾಟಕ ಅಂದರು. ಸಾಹೇಬರು ಬಿಡಲಿಲ್ಲ. ಸಂತೆಯ ದಿನ ಠಾಣೆಯ ಹೊರಗೆ ಹಲಸಿನ ಮರದ ಕೆಳಗೆ ಬೆಂಚು ಹಾಕಿಸಿ ಕೂರುತ್ತಿದ್ದರು. ಯಾರು ಬೇಕಾದರೂ ಬಂದು ಮಾತಾಡಬಹುದು. ಬೇಸಿಗೆಗೆ ಮಾಡು ಹೊದಿಸುವ ಹೊತ್ತಿಗೆ, ಕಲ್ಲು ಹೊಡೆದಿದ್ದವರೇ ಸಾಲಾಗಿ ನಿಂತು ಹಂಚು ದಾಟಿಸುತ್ತಿದ್ದರು. ನಾನು ಅವರಿಗೆಲ್ಲ ಮಜ್ಜಿಗೆ ಕೊಟ್ಟಿದ್ದೇನೆ.

ಆದರೆ ಒಬ್ಬ ಹೆಂಗಸೂ ಆ ಬೆಂಚಿನ ಹತ್ತಿರ ಬರಲಿಲ್ಲ. ಮುಳುಗಡೆಯ ಸಂಸಾರಗಳಲ್ಲಿ ಕುಡಿತ, ಹೊಡೆತ, ಜಗಳ ಬೆಳೆಯುತ್ತಿದೆ ಎಂದು ಎಲ್ಲರಿಗೂ ಗೊತ್ತು. ಮನೆ ಹೋಯಿತು, ಗದ್ದೆ ಹೋಯಿತು, ಕೈಗೆ ಕೆಲಸವಿಲ್ಲ—ಗಂಡಸರ ಸಿಟ್ಟೆಲ್ಲ ಹೆಂಗಸರ ಬೆನ್ನ ಮೇಲೆ. ಸಾಹೇಬರು ನಮ್ಮವರನ್ನು ಕೇಳಿದರು, ಹೆಂಗಸರ ಕಷ್ಟ ಕೇಳುವುದಕ್ಕೆ ಮನೆಗಳಲ್ಲಿ ಯಾರಾದರೂ ಇದ್ದಾರೆಯೇ ಎಂದು. ನಮ್ಮವರು ನನ್ನ ಹೆಸರು ಹೇಳಿದರು.

ನಾನು ಅವತ್ತು ಎಷ್ಟು ಹಿಗ್ಗಿದೆ ಎಂದರೆ—ನಗಬೇಡ. ಜಗಲಿಯಲ್ಲಿ ಕುರ್ಚಿ ಹಾಕಿಸಿದೆ, ಎಲೆಯಡಿಕೆ ತಟ್ಟೆ ಇಟ್ಟೆ, ಒಳ್ಳೆಯ ಸೀರೆ ಉಟ್ಟು ಕೂತೆ. ಹೆಂಗಸರು ಬಂದರು. ಎಲೆ ಹಾಕಿಕೊಂಡರು, ಮಳೆಯ ಮಾತು ಆಡಿದರು, ಎದ್ದು ಹೋದರು. ಸಂತೆಯಿಂದ ಸಂತೆಗೆ ಹೀಗೇ. ಕೊನೆಗೊಂದು ದಿನ ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಬಂದಳು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಅವಳು ನನ್ನನ್ನು ದಾಟಿ, ಸೀದಾ ಬಾವಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ನಿನ್ನ ಪಕ್ಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ನೀನು ಬೂದಿಗೈಯಲ್ಲೇ ಅವಳ ಮಾತು ಕೇಳುತ್ತ, ಅವಳ ಜೊತೆ ನೀನೂ ಅತ್ತೆ. ಆಮೇಲೆ ಅವಳ ಕೈ ಹಿಡಿದು ಸಾಹೇಬರ ಹತ್ತಿರ ಕರೆದುಕೊಂಡು ಹೋದೆ.

ನನ್ನೊಳಗೆ ಏನೋ ಹುಳಿಯಾದದ್ದು ಆವತ್ತೇ.

ಆಮೇಲೆ ಅವರು ಬರುತ್ತಲೇ ಹೋದರು. ಗಿರಿಜಕ್ಕ ಇದಾರಾ, ಗಿರಿಜಕ್ಕ ಎಲ್ಲಿ—ನನ್ನ ಮನೆಯ ಮುಂದೆಯೇ ದಾಟಿ ಹೋಗಬೇಕಲ್ಲ, ಒಂದೊಂದು ಸಲವೂ ನನಗೆ ಕೇಳುತ್ತಿತ್ತು. ನಿನ್ನ ನಗು ಜಗಲಿಯ ಆ ತುದಿಯಿಂದ ಈ ತುದಿಗೆ ಬರುತ್ತಿತ್ತು. ಮೊದಲು ಅದನ್ನು ಕೇಳಿ ನನಗೂ ನಗು ಬರುತ್ತಿತ್ತು, ಈಗ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ನೀನು ಮಾಡಿದ ಸಾರಿನಲ್ಲಿ ಉಪ್ಪು ಹೆಚ್ಚಾದರೆ ಮನಸ್ಸಿಗೆ ಹಿತವಾಗುತ್ತಿತ್ತು. ಸಾಹೇಬರು ನಿನ್ನನ್ನು ಗಿರಿಜಮ್ಮ ಎನ್ನಲು ಶುರುಮಾಡಿದರು. ನನ್ನನ್ನು ದಫೇದಾರರ ಮನೆಯವರು ಎಂದೇ ಕರೆಯುತ್ತಿದ್ದರು; ನನ್ನ ಹೆಸರು ಸಾವಿತ್ರಿ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಊಟಕ್ಕೆ ಕೂತಾಗ ನಮ್ಮವರೂ ಒಂದು ದಿನ, ಆ ಹುಡುಗಿ ಬಂದ ಮೇಲೆ ಠಾಣೆಗೆ ಮರ್ಯಾದೆ ಬಂತು ಅಂದರು. ಅನ್ನ ಬಡಿಸುತ್ತಿದ್ದ ನನ್ನ ಕೈ ನಿಂತುಹೋಯಿತು. ಅವರು ತಲೆಯೆತ್ತಿ ನೋಡಲೂ ಇಲ್ಲ. ಇಷ್ಟು ಚಿಕ್ಕದಕ್ಕೆ—ಹೌದು, ಇಷ್ಟು ಚಿಕ್ಕದಕ್ಕೇ. ಅದು ದೊಡ್ಡದಾಗಿದ್ದರೆ ಹೇಳಿಕೊಂಡಾದರೂ ಹಗುರಾಗುತ್ತಿದ್ದೆ.

ಮಾಡು ಮುಗಿಯಿತು, ಗೋಡೆಗಳಿಗೆ ಸುಣ್ಣವಾಯಿತು. ಈ ಠಾಣೆ ಹೇಗೆ ಬದಲಾಯಿತೆಂದು ನೋಡಲು ಶಿವಮೊಗ್ಗದಿಂದ ದೊಡ್ಡ ಸಾಹೇಬರು ಬರುತ್ತಾರೆ, ಅಂಗಳದಲ್ಲಿ ಸಣ್ಣದೊಂದು ಸಭೆ ಎಂದಾಯಿತು. ಊರಿನ ಹೆಂಗಸರೆಲ್ಲ ಸೇರಿ ನಿನ್ನನ್ನು ವೇದಿಕೆಗೆ ಕರೆಸಿ ಹಾರ ಹಾಕಬೇಕೆಂದು ಹೇಳಿದರಂತೆ. ಸಭೆಯ ದಿನ ಬೆಳಿಗ್ಗೆ ನೀನು ನಾಚಿಕೊಂಡು ನನ್ನ ಬಾಗಿಲಲ್ಲಿ ನಿಂತೆ. ವೇದಿಕೆಗೆ ಉಡುವಂಥ ಸೀರೆ ನಿನ್ನಲ್ಲಿರಲಿಲ್ಲ. ನಾನು ಪೆಟ್ಟಿಗೆ ತೆಗೆದು ನನ್ನ ಮದುವೆಯ ಹಸಿರು ರೇಷ್ಮೆ ಕೊಟ್ಟೆ. ನಿನ್ನ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲಿ ಏನಿತ್ತು ಎಂದು ನೀನು ನೋಡಲಿಲ್ಲ. ಆ ಸೀರೆ ಉಟ್ಟು ಆ ವೇದಿಕೆಯ ಮೇಲೆ ನಿಲ್ಲಬೇಕಾದವಳು ನಾನು ಅಂತ—ಅದೊಂದೇ ನನ್ನ ತಲೆಯಲ್ಲಿ.

ನೀನು ಮನೆಗೆ ಹೋಗುವಾಗ ತಿರುಗಿ ನಿಂತು ಹೇಳಿದ ಮಾತು ಇದು. ಒಂದಕ್ಷರ ಆಚೀಚೆ ಇಲ್ಲದೆ ನನಗೆ ನೆನಪಿದೆ.

“ಯಾರಾದ್ರೂ ನನ್ನ ಕೇಳ್ಕಂಡ್ ಬಂದ್ರೆ ಕೂರ್ಸಿ ಅಕ್ಕ. ಸೀರೆ ಉಟ್ಕಂಡ್ ಬಂದೆ ಅನ್ನಿ.”

ಇದೇ ನೀನು ಹೇಳಿದ್ದು. ಇಷ್ಟೇ.

ಸ್ವಲ್ಪ ಹೊತ್ತಿಗೆ ಹೂವಮ್ಮ ಬಂದಳು. ಮುಳುಗಡೆಯವರಿಗೆ ಕೊಟ್ಟ ಹೊಸ ಜಾಗದಲ್ಲಿ ಸೋಗೆ ಗುಡಿಸಲು ಕಟ್ಟಿಕೊಂಡಿದ್ದ ಸಂಸಾರ, ಇಪ್ಪತ್ತು ದಾಟಿರದ ಹುಡುಗಿ. ಅವಳ ಗಂಡ ಕುಡಿದು ಹೊಡೆಯುತ್ತಾನೆಂದು ನೀನು ಮೊದಲೇ ಒಮ್ಮೆ ಸಾಹೇಬರಿಗೆ ತಿಳಿಸಿದ್ದೆ. ಅವರು ಅವನನ್ನು ಕರೆದು ಬುದ್ಧಿ ಹೇಳಿದ್ದರು. ಅವತ್ತು ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹಿಂದೆ ಹಿಂದೆ ತಿರುಗಿ ನೋಡುತ್ತ ಬಂದಳು. ಜಗಲಿಯಲ್ಲಿ ನಾನೊಬ್ಬಳೇ ಇದ್ದೆ. ಉಳಿದವರೆಲ್ಲ ಅಂಗಳಕ್ಕೆ ರಂಗೋಲಿ ಹಾಕಲು ಹೋಗಿದ್ದರು. ನಾನು ಎದ್ದು, ಏನಾಯಿತು, ಬಾ, ಕೂತುಕೋ ಎಂದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಬೇರೆ ಯಾವ ಯೋಚನೆಯೂ ಇರಲಿಲ್ಲ. ಅವಳ ಕೈ ಹಿಡಿದು ನಾನೇ ಸಾಹೇಬರ ಹತ್ತಿರ ಕರೆದುಕೊಂಡು ಹೋಗುವವಳಿದ್ದೆ.

ಅವಳು ಕೂರಲಿಲ್ಲ.

“ನಿಮ್ಮತ್ರ ಹೇಳೋ ಅಂಥದ್ದಲ್ಲಮ್ಮ,” ಅಂದಳು. “ಗಿರಿಜಕ್ಕನ್ನ ಕರೀರಿ.”

ಅವಳು ಒರಟಾಗಿ ಹೇಳಲಿಲ್ಲ. ಹೆದರಿದ್ದಳು, ಅಷ್ಟೇ. ಆದರೆ ನನಗೆ ಮುಖದ ಮೇಲೆ ಹೊಡೆದ ಹಾಗಾಯಿತು. ನಾನು ಹೇಳಿದೆ—

“ಗಿರಿಜೆ ಊರಲ್ಲಿಲ್ಲ.”

ಎಲ್ಲಿಗೆ ಹೋದರು ಎಂದು ಅವಳು ಕೇಳಿದಳು. ತವರಿಗೆ, ಬರುವುದು ತಡ ಅಂದೆ. ಇವತ್ತು ದೊಡ್ಡ ಸಾಹೇಬರು ಬರುವ ದಿನ, ನಾಡಿದ್ದು ಬಾ ಅಂದೆ. ಅವಳು ಜಗಲಿ ಇಳಿದು ಹೋದಳು. ಅಷ್ಟರಲ್ಲಿ ನೀನು ಸೀರೆ ಉಟ್ಟು ಬಾಗಿಲಿಗೆ ಬಂದೆ. ಯಾರೋ ಮಾತಾಡಿದ ಹಾಗಾಯಿತಲ್ಲ ಎಂದು ಕೇಳಿದೆ. ಹಾಲಿನವಳು ಎಂದೆ ನಾನು. ನೀನು ಸೆರಗು ಹರವಿ ತೋರಿಸಿ, ಹೇಗೆ ಕಾಣುತ್ತೇನೆ ಅಂತ ನಕ್ಕೆ. ಓಣಿಯ ತಿರುವಿನಲ್ಲಿ ಹೂವಮ್ಮ ಹಿಂದಿರುಗಿ ನೋಡಿದಳು. ಹಸಿರು ರೇಷ್ಮೆ ಉಟ್ಟು ನಗುತ್ತ ನಿಂತ ನಿನ್ನನ್ನು ಅವಳು ಕಂಡಳು. ಅವಳು ಕಂಡದ್ದನ್ನು ನಾನು ಕಂಡೆ.

ಕೂಗಿದ್ದರೆ ಅವಳಿಗೆ ಕೇಳುತ್ತಿತ್ತು. ಒಂದು ಸಲ ಹೆಸರು ಹಿಡಿದು ಕೂಗಿದ್ದರೆ—

ಕೂಗಲಿಲ್ಲ.

ಸಭೆ ಚೆನ್ನಾಗಿ ಆಯಿತು. ನಿನಗೆ ಹಾರ ಬಿತ್ತು, ಹೆಂಗಸರು ಚಪ್ಪಾಳೆ ಹೊಡೆದರು. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದೆ. ಹೂವಮ್ಮ ಪೊಲೀಸರ ಮನೆಗಳ ಕಡೆ ಹೋಗಿದ್ದನ್ನು ಯಾರೋ ಅವಳ ಗಂಡನಿಗೆ ಹೇಳಿದ್ದರು. ನಾವು ಅಂಗಳದಲ್ಲಿ ಪಾನಕ ಕುಡಿಯುತ್ತಿದ್ದ ಹೊತ್ತಿಗೆ ಅವನು ಅವಳನ್ನು ಸೌದೆಯಲ್ಲಿ ಹೊಡೆಯುತ್ತಿದ್ದ. ಮರುದಿನ ಗಾಡಿಯಲ್ಲಿ ಹಾಕಿ ಸಾಗರದ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು. ಬಲಗಣ್ಣು ಉಳಿಯಲಿಲ್ಲ.

ಸಾಹೇಬರು ಅವನನ್ನು ಹಿಡಿದು ಹಾಕಿ, ಆಸ್ಪತ್ರೆಗೆ ಹೋಗಿ ಅವಳನ್ನು ಮಾತಾಡಿಸಿದರು. ಯಾಕಮ್ಮ ಮೊದಲೇ ಬರಲಿಲ್ಲ ಎಂದದ್ದಕ್ಕೆ ಅವಳು, ಬಂದಿದ್ದೆ, ಗಿರಿಜಕ್ಕ ರೇಷ್ಮೆ ಸೀರೆ ಉಟ್ಟುಕೊಂಡು ಬಾಗಿಲಲ್ಲೇ ಇದ್ದರು, ಊರಲ್ಲಿಲ್ಲ ಅಂತ ದಫೇದಾರರ ಮನೆಯಮ್ಮನ ಕೈಲಿ ಹೇಳಿಸಿದರು ಎಂದಳು.

ಹೊಸ ಸುಣ್ಣದ ವಾಸನೆ ಹೋಗಿರದ ಠಾಣೆಯ ಕೋಣೆಗೆ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ನಮ್ಮ ಗಂಡಂದಿರು ಗೋಡೆಗೆ ಒರಗಿ ನಿಂತಿದ್ದರು. ಸಾಹೇಬರು ನನ್ನನ್ನು ಕೇಳಿದರು. ಬರುವಾಗ ನಿಜ ಹೇಳಬೇಕೆಂದೇ ಇತ್ತು. ಆದರೆ ನಿನ್ನ ಕಡೆ ನೋಡಿದೆ—ನಿನ್ನ ಮುಖದಲ್ಲಿ ಭಯವಿರಲಿಲ್ಲ. ಅಕ್ಕ ಇದ್ದಾಳೆ, ಅಕ್ಕ ಸರಿಮಾಡುತ್ತಾಳೆ ಎಂಬ ಹಾಗೆ ನಿಂತಿದ್ದೆ. ಆ ನಂಬಿಕೆಯನ್ನೂ ನನಗೆ ಸಹಿಸಲಾಗಲಿಲ್ಲ. ಯಾರು ಬಂದರೂ ಊರಲ್ಲಿಲ್ಲ ಅನ್ನಿ ಎಂದು ಗಿರಿಜೆಯೇ ಹೇಳಿದ್ದಳು, ಅದಕ್ಕೇ ಹೇಳಿದೆ ಎಂದುಬಿಟ್ಟೆ.

ನೀನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಉಳಿಯುತ್ತಿದ್ದೆನೇನೋ. ನೀನು ಹುಬ್ಬು ಗಂಟಿಕ್ಕಿ, ನೆನಪು ಮಾಡಿಕೊಳ್ಳುವವಳ ಹಾಗೆ ನನ್ನನ್ನೇ ಕೇಳಿದೆ.

“ನಾನು ಹಂಗಂದ್ನಾ ಅಕ್ಕ?”

“ಅಂದೆಯಲ್ಲ. ಸೀರೆ ಗಡಿಬಿಡೀಲಿ ನಿಂಗೆ ನೆನಪಿಲ್ಲ.”

ನೀನು ಸಾಹೇಬರ ಕಡೆ ತಿರುಗಿದೆ.

“ಅಕ್ಕ ಸುಳ್ಳು ಹೇಳಲ್ಲ ಸಾರ್. ನಾನೇ ಅಂದಿರ್ಬೇಕು.”

ಗಿರಿಜಾ, ಕಳ್ಳತನ ಮಾಡಿದವರನ್ನೂ ಕೊಲೆ ಮಾಡಿದವರನ್ನೂ ಆ ಠಾಣೆಗೆ ತಂದದ್ದನ್ನು ನಾನು ನೋಡಿದ್ದೇನೆ. ಇನ್ನೊಬ್ಬರ ನೆನಪಿನೊಳಗೇ ಕೈ ಹಾಕಿ ಅವರು ಆಡದ ಮಾತನ್ನು ಇಟ್ಟುಬಂದವರನ್ನು ಯಾರೂ ಹಿಡಿದು ತರಲಿಲ್ಲ.

ಮುಂದಿನದು ನಿನಗೆ ಗೊತ್ತು. ಬಾವಿಕಟ್ಟೆಗೆ ಬರುತ್ತಿದ್ದ ಹೆಂಗಸರು ನೀನು ಬಂದರೆ ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಹಾರ ಹಾಕಿಸಿಕೊಳ್ಳುವ ಗಡಿಬಿಡಿಯಲ್ಲಿ ಬಾಗಿಲು ಹಾಕಿಕೊಂಡಳು ಎಂದು ಸಂತೆಯಲ್ಲಿ ಆಡಿಕೊಂಡರು. ಪೊಲೀಸರು ಎಂದಿದ್ದರೂ ಪೊಲೀಸರೇ ಎಂದರು. ಸಾಹೇಬರು ಒಂದು ವರ್ಷ ಕಷ್ಟಪಟ್ಟು ಗಳಿಸಿದ್ದು ನನ್ನ ಒಂದು ಮಾತಿಗೆ ಹೋಯಿತು. ಸಾಹೇಬರು ನನಗೆ, ಹೆಂಗಸರ ಕಷ್ಟವನ್ನು ಇನ್ನು ನೀವೇ ನೋಡಿಕೊಳ್ಳಿ ಎಂದರು. ಬಯಸಿದ್ದು ಸಿಕ್ಕಿತು. ಜಗಲಿಯಲ್ಲಿ ಮತ್ತೆ ಕುರ್ಚಿ ಹಾಕಿಕೊಂಡು ಕೂತೆ. ಯಾರೂ ಬರಲಿಲ್ಲ, ಎಲೆಯಡಿಕೆಗೂ ಬರಲಿಲ್ಲ. ಮಳೆಗಾಲದ ಹೊತ್ತಿಗೆ ಸಾಹೇಬರಿಗೆ ವರ್ಗವಾಯಿತು. ಅವರ ನಂತರ ಬಂದವರು ಹಲಸಿನ ಮರದ ಕೆಳಗಿನ ಬೆಂಚನ್ನು ಒಳಗೆ ಹಾಕಿಸಿದರು. ನಿನ್ನ ಗಂಡ ಕೇಳಿಕೊಂಡು ಬೇರೆ ಠಾಣೆಗೆ ಹೋದರು. ಹೊರಡುವ ದಿನ ನೀನು ನನ್ನ ಕಾಲಿಗೆ ನಮಸ್ಕರಿಸಿದೆ. ನಾನು ಆಶೀರ್ವಾದ ಮಾಡಿದೆ. ಮಾಡಿದೆ, ಗಿರಿಜಾ—ಕೈ ಎತ್ತಿ.

ನಮ್ಮವರಿಗೆ ಅನುಮಾನವಿತ್ತು ಎಂದು ಕಾಣುತ್ತದೆ. ಪಿಂಚಣಿಯಾಗಿ ತೀರ್ಥಹಳ್ಳಿಗೆ ಬಂದ ಮೇಲೆ ಒಮ್ಮೆ, ಆ ಹುಡುಗಿ ಅವತ್ತು ನಿಜವಾಗಿ ಹಾಗೆ ಅಂದಿದ್ದಳಾ ಎಂದು ಶುರುಮಾಡಿ ನನ್ನ ಮುಖ ನೋಡಿದರು. ನಾನು ಒಲೆಯ ಕಡೆ ತಿರುಗಿಕೊಂಡೆ. ಅವರು ಮತ್ತೆಂದೂ ಕೇಳಲಿಲ್ಲ.

ಆಮೇಲೆ ಸಾಗರದ ಬಸ್ ನಿಲ್ದಾಣದಲ್ಲಿ ನೀನು ಸಿಕ್ಕಿದೆ. ಕೂದಲು ನರೆತಿತ್ತು, ಜೊತೆಯಲ್ಲಿ ಮಗಳಿದ್ದಳು. ಅವಳಿಗೆ ನನ್ನನ್ನು ತೋರಿಸಿ, ನನಗೆ ರೇಷ್ಮೆ ಸೀರೆ ಕೊಟ್ಟ ಅಕ್ಕ ಇವರೇ ಎಂದೆ. ಈಗ ಸಾಗರದಲ್ಲೇ ಇದ್ದೇವೆ ಎಂದು ಮನೆಯ ಗುರುತನ್ನೂ ಹೇಳಿದೆ. ಮಗಳು ಹಣ್ಣು ತರಲು ಹೋದಾಗ ನನ್ನ ಕೈ ಹಿಡಿದುಕೊಂಡು, ನಾನು ಆ ಮಾತು ಯಾಕೆ ಅಂದೆನೋ ಅಕ್ಕ, ಎಷ್ಟು ಯೋಚನೆ ಮಾಡಿದರೂ ಇವತ್ತಿಗೂ ನೆನಪಾಗುವುದಿಲ್ಲ ಎಂದೆ. ಆಗ ಹೇಳಬಹುದಿತ್ತು. ನಿನ್ನ ಬಸ್ಸು ಬರಲು ಇನ್ನೂ ಹೊತ್ತಿತ್ತು. ನಾನು ನಿನ್ನ ಕೈ ತಟ್ಟಿ, ಹೋಗಲಿ ಬಿಡು, ಆದದ್ದು ಆಯಿತು ಎಂದೆ—ನಿನ್ನನ್ನು ಕ್ಷಮಿಸಿದವಳ ಹಾಗೆ. ನಾನು ಮಾಡಿದ್ದರಲ್ಲಿ ಯಾವುದು ಹೆಚ್ಚು ಹೀನ ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಮೊನ್ನೆ ಹೊಸನಗರದ ಹತ್ತಿರ ನೆಂಟರ ಮನೆಯ ಮದುವೆಗೆ ಹೋಗಿದ್ದೆ. ಹಿತ್ತಲ ಕಡೆ ಹೆಂಗಸರು ಹೂ ಕಟ್ಟುತ್ತಿದ್ದರು. ಅವರಲ್ಲಿ ಒಬ್ಬಳಿಗೆ ಒಂದೇ ಕಣ್ಣು. ನನಗೆ ಕೂಡಲೇ ಗೊತ್ತಾಯಿತು. ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಯಾರೋ ಚಿಕ್ಕವಳು ಕಣ್ಣಿಗೆ ಏನಾಯಿತು ಅಜ್ಜಿ ಎಂದು ಕೇಳಿದಳು. ಹೂವಮ್ಮ ಹೂ ಕಟ್ಟುತ್ತಲೇ ಹೇಳಿದಳು—ಗಂಡನ ಕತೆ, ಪೊಲೀಸಿನವರ ಮನೆ, ಗಿರಿಜಕ್ಕನ ರೇಷ್ಮೆ ಸೀರೆ. ಅವಳ ದನಿಯಲ್ಲಿ ದ್ವೇಷವೂ ಇರಲಿಲ್ಲ. ಎಷ್ಟೋ ಸಲ ಹೇಳಿ ಸವೆದ ಕತೆ. ನನ್ನ ಸುಳ್ಳು ಅವಳ ಬಾಯಲ್ಲಿ ನಿಜವಾಗಿ ಕೂತುಬಿಟ್ಟಿತ್ತು. ನಾನು ಸತ್ತರೂ ಅದು ಹಾಗೇ ಉಳಿಯುತ್ತದೆ, ನಿನ್ನ ಹೆಸರಿಗೆ ಅಂಟಿಕೊಂಡು.

ಎಲ್ಲರ ಮುಂದೆ ಹೇಳುವ ಧೈರ್ಯ ಅಲ್ಲಿ ಬರಲಿಲ್ಲ. ಉಳಿದವರು ಊಟಕ್ಕೆ ಎದ್ದ ಮೇಲೆ ಅವಳ ಪಕ್ಕ ಕೂತು, ನಾನು ಯಾರೆಂದು ಹೇಳಿದೆ. ಗಿರಿಜೆ ನಿನ್ನನ್ನು ಕೂರಿಸಿ ಅಂದಿದ್ದಳು, ಊರಲ್ಲಿಲ್ಲ ಅಂದದ್ದು ನನ್ನ ಮಾತು ಎಂದೆ. ಹೊಟ್ಟೆಕಿಚ್ಚಿಗೆ ಎಂದೆ. ಆ ಶಬ್ದವನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಅವಳು ನನ್ನನ್ನು ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಮಡಿಲಿನ ಹೂವನ್ನೆಲ್ಲ ಬುಟ್ಟಿಗೆ ಸುರಿದು ಹೇಳಿದಳು.

“ಗಿರಿಜಕ್ಕ ಆಸ್ಪತ್ರೆಗೆ ಬಂದು ನನ್ನ ಕಾಲು ಹಿಡ್ಕಂಡಿದ್ರು. ತಪ್ಪಾಯ್ತು ಹೂವಮ್ಮ ಅಂದ್ರು. ನಾ ಗೋಡೆ ಕಡೆ ತಿರುಗ್ಕಂಡೆ.”

ನೀನು ಆಸ್ಪತ್ರೆಗೆ ಹೋಗಿದ್ದೆ ಎಂದು ನನಗೆ ಗೊತ್ತಿರಲಿಲ್ಲ, ಗಿರಿಜಾ.

ಅವಳು ಮತ್ತೆ ಅಂದಳು, “ಅವ್ರ ಮನೆ ನಂಗೆ ಗೊತ್ತಿಲ್ಲ. ನೀವು ತೋರ್ಸಿ.”

ನಾನು ಹೂಂ ಎಂದೆ. ಬರುವ ಸೋಮವಾರ ನಾವಿಬ್ಬರೂ ಸಾಗರಕ್ಕೆ ಬರುತ್ತೇವೆ. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರುತ್ತಾಳೋ ಇಲ್ಲವೋ ಗೊತ್ತಿಲ್ಲ. ಕೂರಬೇಕೆಂದು ನಾನು ಕೇಳುವುದಿಲ್ಲ. ನಿನ್ನ ಗಂಡ, ನಿನ್ನ ಮಗಳು, ಅಕ್ಕಪಕ್ಕದವರು ಯಾರಿದ್ದರೂ ಸರಿ, ಅವರೆಲ್ಲರ ಎದುರು ಈ ಮಾತನ್ನು ಮತ್ತೆ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ನೀನು ನನ್ನನ್ನು ಏನು ಮಾಡಿದರೂ ಅದು ಸರಿಯೇ. ನನ್ನನ್ನು ಅಕ್ಕ ಎಂದು ಕರೆಯಬೇಡ. ನಾನು ಹೊರಗೇ ನಿಂತಿರುತ್ತೇನೆ. ಹೂವಮ್ಮ ಬಹಳ ದೂರದಿಂದ ಬಂದಿರುತ್ತಾಳೆ—ಅವಳನ್ನು ಒಳಗೆ ಕರೆ.